ಅಳಬಾರದ ಕೂಸು

ನಮ್ಮ ಅತ್ತೆಯವರು ಕೂಸುಗಳನ್ನು ಅಳಿಸುವುದರಲ್ಲಿ ಊರಿಗೇ ಹೆಸರಾಗಿದ್ದರು. ಇದು ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಹೆಮ್ಮರಗಾಲದಲ್ಲಿ ಯಾರ ಮನೆಯಲ್ಲಿ ಗಂಡುಕೂಸು ಹುಟ್ಟಿದರೂ ಬಾಣಂತಿಯನ್ನು ಮಾತಾಡಿಸುವ ನೆಪ ಮಾಡಿಕೊಂಡು ಹೋಗುವರು. ಕಾಲು ನೀಡಿ ಕೂತು, ಕೂಸನ್ನು ಮೊಣಕಾಲ ಮೇಲೆ ಹಾಕಿಕೊಂಡು, ಸುತ್ತಿದ ಬಟ್ಟೆ ಬಿಚ್ಚಿ, ಅಂಗಾಲಿಗೆ ಬೆರಳಿನಿಂದ ಚುರುಕ್ಕೆನ್ನುವಂತೆ ಒಮ್ಮೆ ತಟ್ಟುವರು. ಕೂಸು ಕಿಟಾರನೆ ಕಿರುಚುತ್ತಿದ್ದರೆ ಎಲ್ಲರೂ ಅದರ ಮುಖ ನೋಡುತ್ತಿದ್ದರು, ಅತ್ತೆ ಮಾತ್ರ ಅದರ ತೊಡೆಸಂದಿ ನೋಡುತ್ತಿದ್ದರು. ಅಲ್ಲೇನಾದರೂ ಗಂಟು ಎದ್ದು ಬರುತ್ತದೆಯೇ, ಬೀಜಗಳು ಎರಡೂ ಚೀಲಕ್ಕೆ ಇಳಿದಿವೆಯೇ, ಉಚ್ಚೆ ಮುಂದಕ್ಕೆ ಚಿಮ್ಮುತ್ತದೆಯೋ ಕೆಳಗಿನಿಂದ ತೊಟ್ಟಿಕ್ಕುತ್ತದೆಯೋ, ಎಲ್ಲವನ್ನೂ ನೋಡಿ, ನೆಟ್ಟಗಿದ್ದರೆ ಬಟ್ಟೆ ಸುತ್ತಿ ಕೊಟ್ಟು ಎಲೆ ಅಡಿಕೆ ಹಾಕಿಕೊಳ್ಳುವರು. ನೆಟ್ಟಗಿಲ್ಲದಿದ್ದರೆ ಆ ಮನೆಯವರಿಗೆ ನೆಮ್ಮದಿಯಿಲ್ಲ. ಅವರು ನಂಜನಗೂಡಿನ ಬಸ್ಸು ಹತ್ತುವವರೆಗೂ ಅತ್ತೆ ದಿನಾ ಬೆಳಗ್ಗೆ ಹೋಗಿ ಜಗಲಿಯ ಮೇಲೆ ಕೂರುವರು.

ಹೀಗೆ ಅವರ ಕಾಟ ತಡೆಯಲಾರದೆ ಆಸ್ಪತ್ರೆಗೆ ಹೋಗಿ ಬಂದ ಕೂಸುಗಳು ನಮ್ಮ ಬೀದಿಯಲ್ಲೇ ಹಲವು. ಒಂದಕ್ಕೆ ಬೀಜ ಹೊಟ್ಟೆಯಲ್ಲೇ ಉಳಿದಿತ್ತು. ಒಂದಕ್ಕೆ ಉಚ್ಚೆಯ ತೂತು ತುದಿಯಲ್ಲಿರದೆ ಕೆಳಗಡೆ ಇತ್ತು. ಆ ತಾಯಿ ಅದನ್ನು ಯಾರಿಗೂ ತೋರಿಸದೆ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು. ಇನ್ನೊಂದಕ್ಕೆ ಚೀಲದಲ್ಲಿ ನೀರು ತುಂಬಿ ಊದಿತ್ತು. ಅತ್ತೆ ಅದನ್ನೂ ಎತ್ತಿಕೊಂಡು ಹೋದರೆ, ಒಂದು ವರ್ಷ ಕಾಯಿರಿ, ತಾನಾಗೇ ಹೋಗುತ್ತದೆ ಎಂದು ಡಾಕ್ಟರು ವಾಪಸ್ ಕಳಿಸಿದರು. ಹಾಗೇ ಹೋಯಿತು ಕೂಡ. ಅತ್ತೆಗೆ ಇದರಿಂದ ಸ್ವಲ್ಪ ಬೇಜಾರೇ ಆದಂತಿತ್ತು.

ಮನೆಗೆ ಹೊಸದಾಗಿ ಬಂದ ಸೊಸೆಯಂದಿರು ಇದನ್ನೆಲ್ಲ ಕಂಡು ನಕ್ಕರೆ ನಾನು ಅವರಿಗೆ ಹೇಳುವುದು ಒಂದೇ ಮಾತು. ಇದೇ ಹೆಂಗಸು ಒಂದು ಕಾಲಕ್ಕೆ ನನ್ನ ಮಗನನ್ನು ಅಳಲೇ ಬಿಟ್ಟಿರಲಿಲ್ಲ.

ನನ್ನ ಮಗ ಹುಟ್ಟಿದ್ದು ತೊಂಬತ್ತರ ದಶಕದ ನಡುವೆ, ನನ್ನ ತವರು ಬನ್ನೂರಿನಲ್ಲಿ. ಬಾಣಂತನ ಮುಗಿಸಿಕೊಂಡು ಹೆಮ್ಮರಗಾಲಕ್ಕೆ ಬಂದ ಮೇಲೆ ಎರೆಯುವ ಕೆಲಸವನ್ನು ಅತ್ತೆಯೇ ತೆಗೆದುಕೊಂಡರು. ಒಂದು ದಿನ ಬಚ್ಚಲಿನಲ್ಲಿ ಬಿಸಿನೀರು ಬಿದ್ದ ಕೂಡಲೇ ಕೂಸು ಅತ್ತಿತು. ಬಲಗಡೆಯ ತೊಡೆಸಂದಿಯಲ್ಲಿ ನಿಂಬೆಕಾಯಿಯಷ್ಟು ಗಂಟು ಎದ್ದಿತು. ಎತ್ತಿ ಸಮಾಧಾನ ಮಾಡಿದಾಗ ಅದು ಇರಲೇ ಇಲ್ಲ. ಅತ್ತೆ ಚೊಂಬು ಕೈಯಲ್ಲಿ ಹಿಡಿದವರು ಹಿಡಿದೇ ಇದ್ದರು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಂಜೆ ಮಾವ, ನನ್ನ ಗಂಡ, ನಾನು ಎಲ್ಲರೂ ಇದ್ದಾಗ ಅಪ್ಪಣೆ ಆಯಿತು.

"ಇವತ್ನಿಂದ ಈ ಕೂಸ ಯಾರೂ ಅಳಿಸ್ಕೂಡ್ದು. ಅತ್ರೆ ಬತ್ತದೆ ಅದು. ಅಳ್ದಿದ್ರೆ ಬರಾಕಿಲ್ಲ. ಅಷ್ಟೇಯ."

ಅಷ್ಟೇ ಎಂದರೆ ಅಷ್ಟೇ ಆಗಲಿಲ್ಲ. ಒಂದು ಕೂಸು ಅಳದಂತೆ ನೋಡಿಕೊಳ್ಳುವುದೆಂದರೆ ಒಂದು ಸಂಸ್ಥಾನವನ್ನು ನಡೆಸಿದ ಹಾಗೆ. ಅವನಿಗೆ ಕರು ಬೇಕೆಂದರೆ ಕರುವನ್ನು ನಡುಮನೆಗೆ ತಂದು ಮಂಚದ ಕಾಲಿಗೆ ಕಟ್ಟಬೇಕು. ಅದು ನೆಲ ಗಲೀಜು ಮಾಡಿದರೆ ಬಾಚುವವಳು ನಾನು. ಕರು ಇಲ್ಲದಾಗ ನನ್ನ ಗಂಡ ಅಂಬಾ ಎಂದು ಕೂಗಬೇಕು. ನಂಜನಗೂಡಿನ ರೈಸ್ ಮಿಲ್ಲಿನಲ್ಲಿ ಹತ್ತಾರು ಆಳುಗಳ ಮೇಲೆ ಗದರುವ ಮನುಷ್ಯ, ಮನೆಗೆ ಬಂದರೆ ಕರುವಿನ ಕೆಲಸ. ತಲೆಕೂದಲು ತೆಗೆಸುವ ದಿನ ಕೂಸು ನಿದ್ದೆ ಮಾಡಿದಾಗಲೇ ಬೋಳಿಸಬೇಕೆಂದು ಕರಾರಾಯಿತು. ಅರ್ಧ ತಲೆಯಾಗುವಷ್ಟರಲ್ಲಿ ಎಚ್ಚರವಾಗಿ ತುಟಿ ಸೊಟ್ಟ ಮಾಡಿದ. ಕ್ಷೌರದವರನ್ನು ಅತ್ತೆ ಅಲ್ಲಿಂದಲೇ ಎಬ್ಬಿಸಿ ಕಳಿಸಿದರು. ಮಾರನೆಯ ದಿನದವರೆಗೂ ನನ್ನ ಮಗ ಅರ್ಧ ಬೋಳು, ಅರ್ಧ ಕಾಡು. ಸೂಜಿ ಹಾಕಲು ಬಂದ ನರ್ಸಮ್ಮನಿಗೆ ಕಾಫಿ ಕೊಟ್ಟು, ಬಾಳೆಹಣ್ಣು ಕೊಟ್ಟು, ಕೂಸು ಮಾತ್ರ ಮನೆಯಲ್ಲಿಲ್ಲ ಎಂದು ಸಾಗಹಾಕುತ್ತಿದ್ದರು. ಕೂಸು ಒಳಗೆ ಅಟ್ಟದ ಕೆಳಗೆ ನನ್ನ ಮಡಿಲಲ್ಲಿ ಬೆಲ್ಲ ಚೀಪುತ್ತಿರುತ್ತಿತ್ತು.

ನನಗೆ ರೇಗುತ್ತಿತ್ತು. ಮಗು ನನ್ನದು, ಸೂಜಿ ಬೇಕಾದದ್ದು ನನ್ನ ಮಗುವಿಗೆ. ಆದರೆ ಗಂಟು ನನ್ನ ಕಣ್ಣಿಗೂ ಬಿದ್ದಿತ್ತಲ್ಲ. ಅತ್ತಾಗ ಬರುವುದು, ಸುಮ್ಮನಾದಾಗ ಹೋಗುವುದು ನಿಜವೇ ಆಗಿತ್ತು. ಕಣ್ಣಾರೆ ಕಂಡದ್ದರ ಮುಂದೆ ಅತ್ತೆಯ ಜೊತೆ ವಾದ ಮಾಡಲು ನನ್ನ ಹತ್ತಿರ ಏನಿತ್ತು?

ಬನ್ನೂರಿಗೆ ಹೋದಾಗ ನನ್ನ ಅವ್ವ ಇದನ್ನೆಲ್ಲ ಕೇಳಿ ಹಣೆ ಚಚ್ಚಿಕೊಂಡಳು. ಅವಳ ಒತ್ತಾಯಕ್ಕೆ ವಾಪಸ್ ಬರುವಾಗ ಟಿ. ನರಸೀಪುರದಲ್ಲಿ ಬಸ್ಸಿಳಿದು ಅಲ್ಲಿನ ಒಬ್ಬ ಹಿರಿಯ ಡಾಕ್ಟರಿಗೆ ತೋರಿಸಿದೆ. ಮಗ ದಾರಿಯುದ್ದಕ್ಕೂ ಪೆಪ್ಪರಮಿಂಟು ತಿಂದು ಮಹಾರಾಜನ ಹಾಗೆ ನಗುತ್ತಿದ್ದ. ಡಾಕ್ಟರು ಚಡ್ಡಿ ಇಳಿಸಿ ನೋಡಿ, "ಎಲ್ಲಮ್ಮಾ? ಏನೂ ಕಾಣ್ತಾ ಇಲ್ವಲ್ಲ" ಎಂದರು.

"ಅತ್ತರೆ ಬರುತ್ತೆ ಸಾರ್."

"ಮತ್ತೆ ಅಳ್ತಾ ಇಲ್ವಲ್ಲ?"

"ನಮ್ಮ ಮನೇಲಿ ಅಳಿಸೋಹಾಗಿಲ್ಲ ಸಾರ್."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಆಮೇಲೆ, ಇದು ಹರ್ನಿಯಾ ಇರಬಹುದು, ಮಕ್ಕಳ ಆಪರೇಷನ್ ಮಾಡುವ ಡಾಕ್ಟರೊಬ್ಬರು ಮೈಸೂರಿನಿಂದ ನಂಜನಗೂಡಿಗೆ ಬರುತ್ತಾರೆ, ಅವರಿಗೆ ತೋರಿಸಿ, ತಡ ಮಾಡಬೇಡಿ ಎಂದು ಸಮಾಧಾನದಿಂದಲೇ ಹೇಳಿದರು.

ಆಪರೇಷನ್ ಎಂಬ ಮಾತು ಮನೆಯಲ್ಲಿ ಎತ್ತಿದಾಗ ಅತ್ತೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಕೊನೆಗೆ ನನ್ನ ಗಂಡ ಹಟ ಹಿಡಿದ ಮೇಲೆ, ಕೂಸನ್ನು ತಾವೇ ಎತ್ತಿಕೊಳ್ಳುವುದಾದರೆ ಸರಿ ಎಂದು ಹೊರಟರು. ನಂಜನಗೂಡಿನ ಆ ಸಣ್ಣ ನರ್ಸಿಂಗ್ ಹೋಮಿನಲ್ಲಿ ಡಾಕ್ಟರು ಹೆಂಗಸೆಂದು ನೋಡಿ ಅತ್ತೆಯ ಮುಖ ಸ್ವಲ್ಪ ಸಡಿಲವಾಯಿತು. ನಡುವಯಸ್ಸು, ಎಣ್ಣೆ ಹಾಕಿ ಬಿಗಿದು ಕಟ್ಟಿದ ತುರುಬು, ಮಾತಾಡುವ ಮೊದಲು ಎರಡು ಅಂಗೈಗಳನ್ನೂ ಉಜ್ಜಿ ಬಿಸಿ ಮಾಡಿಕೊಳ್ಳುವ ಅಭ್ಯಾಸ. ತಣ್ಣನೆ ಕೈ ತಗುಲಿದರೆ ಮಕ್ಕಳು ಬೆಚ್ಚುತ್ತವೆ ಎಂದು ಅವರೇ ಹೇಳಿದರು. ಹಾಗೆ ಬಿಸಿ ಮಾಡಿದ ಬೆರಳುಗಳಿಂದ ತೊಡೆಸಂದಿಯನ್ನು ಮುಟ್ಟಿ ಮುಟ್ಟಿ ನೋಡಿದರು.

"ಈಗ ಒಳಗಡೆ ಇದೆ ಅನ್ಸುತ್ತೆ. ಎದ್ದಾಗ ನೋಡಿದ್ರೆ ಖಾತ್ರಿಯಾಗುತ್ತೆ. ಒಂದ್ಸಲ ಅಳಿಸ್ತೀರಾ?"

ಸೊಸೆಯಾಗಿ ಬಂದ ಮೇಲೆ ನಾನು ಅತ್ತೆಯ ಬಾಯಲ್ಲಿ ಕೇಳಿರದ ಮಾತುಗಳೆಲ್ಲ ಆವತ್ತು ಕೇಳಿದೆ. "ಮಗೀನ ಉಸಾರು ಮಾಡ್ರಿ ಅಂತ ಬಂದ್ರೆ ಅಳ್ಸು ಅಂತೀರಲ್ಲ, ನೀವೇನು ಮಕ್ಕಳ್ನ ಎತ್ತವ್ರಾ? ಏಳಮ್ಮಿ, ಓಗಾನ!" ಎಂದು ಕೂಸನ್ನು ಕಂಕುಳಿಗೆ ಏರಿಸಿಕೊಂಡು ನಡೆದೇಬಿಟ್ಟರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅಲ್ಲಿಗೆ ನಮ್ಮ ಕಥೆ ಬೇರೆಯಾಗಬಹುದಿತ್ತು. ಆಗದಿದ್ದುದು ಆ ಡಾಕ್ಟರಮ್ಮನಿಂದ. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರೂ ಅವರು ಎದ್ದು ನಮ್ಮ ಹಿಂದೆಯೇ ಗೇಟಿನವರೆಗೆ ಬಂದರು. ಕೋಪವಿರಲಿಲ್ಲ.

"ಅಮ್ಮಾ, ನನ್ನ ಬೈಯಿರಿ ಪರವಾಗಿಲ್ಲ. ಒಂದು ಮಾತು ಕೇಳಿಸ್ಕೊಂಡು ಹೋಗಿ. ಆ ಗಂಟು ಯಾವತ್ತಾದ್ರೂ ಗಟ್ಟಿಯಾಗಿ ಒಳಗೆ ಹೋಗದೆ ನಿಂತ್ರೆ, ಮಗು ವಾಂತಿ ಮಾಡಿದ್ರೆ, ಎಣ್ಣೆ ಹಚ್ಚಬೇಡಿ, ಶಾಖ ಕೊಡಬೇಡಿ, ಒತ್ತಬೇಡಿ. ಇದ್ದ ಹಾಗೇ ಎತ್ಕೊಂಡು ಆಸ್ಪತ್ರೆಗೆ ಓಡಿ ಬನ್ನಿ. ಕರುಳು ಸಿಕ್ಕಾಕೊಂಡಿರುತ್ತೆ."

ಅತ್ತೆ ತಿರುಗಿಯೂ ನೋಡಲಿಲ್ಲ. ಆದರೆ ನಡೆಯುವುದನ್ನು ನಿಲ್ಲಿಸಿ, ಮಾತು ಮುಗಿಯುವವರೆಗೂ ಬೆನ್ನು ಮಾಡಿಕೊಂಡೇ ನಿಂತಿದ್ದರು.

ಅದು ಆದ ಮೇಲೆ ಒಂದು ಸುಗ್ಗಿ ಕಳೆಯಿತು. ಒಂದು ಬೆಳಗ್ಗೆ ನನ್ನ ಮಗ ಕರುವಿನ ಹಗ್ಗ ಹಿಡಿದು ಕೇಕೆ ಹಾಕಿ ನಗುತ್ತಾ ಜಗ್ಗುತ್ತಿದ್ದ. ಯಾರೂ ಅಳಿಸಿರಲಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಜಗ್ಗುತ್ತಿದ್ದವನು ಹಗ್ಗ ಬಿಟ್ಟು ಕೂತ. ಆಮೇಲೆ ಅಳು. ಬೆಲ್ಲ ಕೊಟ್ಟರೆ ಉಗಿದ, ಕರು ತೋರಿಸಿದರೆ ಒದ್ದ, ಕುಡಿದ ಹಾಲನ್ನೆಲ್ಲ ಕಕ್ಕಿದ. ಚಡ್ಡಿ ಬಿಚ್ಚಿದರೆ ಗಂಟು ಕೆಂಪಗೆ, ಕಲ್ಲಿನ ಹಾಗೆ. ಪಕ್ಕದ ಮನೆಯ ದೊಡ್ಡಮ್ಮ ಗಂಟಿಗೆ ಶಾಖ ಕೊಡಲು ಹರಳುಗಿಡದ ಎಲೆ ಬಿಸಿ ಮಾಡಿಕೊಂಡು ಓಡಿ ಬಂದರು.

ಅತ್ತೆ ಆ ಎಲೆಯನ್ನು ಅವರ ಕೈಯಿಂದ ಕಿತ್ತು ಅಂಗಳಕ್ಕೆ ಎಸೆದರು. "ಎಣ್ಣೆ ಬ್ಯಾಡ, ಸಾಕ ಬ್ಯಾಡ, ಒತ್ತಾದು ಬ್ಯಾಡ" ಎಂದು ಡಾಕ್ಟರಮ್ಮನ ಮಾತನ್ನು ಸಾಲಾಗಿ ಒಪ್ಪಿಸಿದರು. ಬೆನ್ನು ಮಾಡಿಕೊಂಡು ಕೇಳಿದ್ದರಲ್ಲಿ ಒಂದಕ್ಷರವೂ ಬಿಟ್ಟುಹೋಗಿರಲಿಲ್ಲ. ಆ ಹೊತ್ತಿಗೆ ಬಸ್ಸಿರಲಿಲ್ಲ. ಬಾಳೆಗೊನೆ ತುಂಬಿಕೊಂಡು ಹೊರಟಿದ್ದ ಟೆಂಪೋವನ್ನು ರಸ್ತೆಯ ನಡುವೆ ಕೈ ಅಡ್ಡ ಇಟ್ಟು ನಿಲ್ಲಿಸಿದರು. "ಮಾರ್ಕೆಟ್ಗೆ ಆಮ್ಯಾಕೆ ಓಗಪ್ಪ, ಮೊದ್ಲು ಆಸ್ಪತ್ರೆಗೆ ಬುಡು." ಡ್ರೈವರು ಮುಂದಿನ ಬಾಗಿಲು ತೆಗೆದು ಅತ್ತೆಯನ್ನೂ ಕೂಸನ್ನೂ ಹತ್ತಿಸಿಕೊಂಡ. ಗೊನೆಗಳ ಮೇಲೆ ಗಂಡನ ಹಳೇ ಪಂಚೆ ಹಾಸಿಕೊಂಡು ಕೂತ ನನಗೆ, ಮುಂದಿನ ಸೀಟಿನಿಂದ ಮಗನ ಅಳು ದಾರಿಯುದ್ದಕ್ಕೂ ಕೇಳುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಅದು ನಿಂತುಬಿಟ್ಟರೆ ಗತಿಯೇನು ಎಂಬ ಭಯ.

ನಮ್ಮ ಪುಣ್ಯಕ್ಕೆ ಡಾಕ್ಟರಮ್ಮ ಅವತ್ತು ನಂಜನಗೂಡಿನಲ್ಲೇ ಇದ್ದರು. ಅತ್ತೆಯನ್ನು ಗುರುತು ಹಿಡಿದರು. ಆದರೂ ಹಳೆಯದನ್ನು ಎತ್ತಲಿಲ್ಲ. "ಸರಿಯಾದ ಹೊತ್ತಿಗೆ ತಂದ್ರಿ" ಎಂದಷ್ಟೇ ಹೇಳಿ ಕೈ ಉಜ್ಜಿಕೊಂಡರು. ಮಗು ಮಂಪರಿಗೆ ಹೋಗುವಂತೆ ಔಷಧಿ ಕೊಟ್ಟು, ಸೊಂಟದ ಕೆಳಗೆ ದಿಂಬಿಟ್ಟು ಕಾಲನ್ನು ಎತ್ತರ ಮಾಡಿಸಿದರು. ಆಮೇಲೆ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು, ಎರಡು ಕೈಯ ಬೆರಳುಗಳಿಂದ ಆ ಗಂಟನ್ನು ಹಿಡಿದು ಮೆಲ್ಲಮೆಲ್ಲಗೆ ಅದುಮುತ್ತಾ ಹೋದರು. ಅವರು ಅವಸರ ಮಾಡಲಿಲ್ಲ, ಬಲವನ್ನೂ ಹಾಕಲಿಲ್ಲ. ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು, ಬೆರಳು ಮಾತ್ರ ಸಡಿಲವಾಗಲಿಲ್ಲ. ಅಷ್ಟು ತಾಳ್ಮೆಯ ಕೈಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊನೆಗೆ ಗುಳಕ್ ಎಂದು ಸಣ್ಣ ಶಬ್ದವಾಯಿತು. ಗಂಟು ಒಳಗೆ ಹೋಯಿತು. ಡಾಕ್ಟರಮ್ಮ ಸೆರಗಿನಲ್ಲೇ ಹಣೆ ಒರೆಸಿಕೊಂಡು ನಕ್ಕರು.

"ಈಗ ಬಾವು ಇದೆ. ಅದು ಇಳೀಲಿ. ಎರಡು ದಿನ ಇಲ್ಲೇ ಇರಿ, ಆಪರೇಷನ್ ಮಾಡಿಬಿಡೋಣ. ಹಾಗೇ ಬಿಟ್ರೆ ಮತ್ತೆ ಬರುತ್ತೆ."

ಅತ್ತೆ ಇಲ್ಲ ಅನ್ನಲಿಲ್ಲ.

ಆಪರೇಷನ್ನಿನ ಬೆಳಗ್ಗೆ ಮಗುವಿಗೆ ಏನೂ ಕೊಡುವ ಹಾಗಿರಲಿಲ್ಲ. ಹಸಿದು ಸಿಡಿಮಿಡಿ ಅನ್ನುತ್ತಿದ್ದವನನ್ನು ಅತ್ತೆ ಹೆಗಲಿಗೆ ಹಾಕಿಕೊಂಡು ವರಾಂಡದ ಉದ್ದಕ್ಕೂ ತಿರುಗಿ ಅಳದಂತೆ ನೋಡಿಕೊಂಡರು. ಥಿಯೇಟರಿನ ಬಾಗಿಲಲ್ಲಿ ಸಿಸ್ಟರು ಬಂದು ಮಗುವಿನ ಬಟ್ಟೆ ಬಿಚ್ಚಿದಳು. ಸೊಂಟದಲ್ಲಿ ಕರಿಯ ಉಡಿದಾರ. ದಾರ ಇರುವ ಹಾಗಿಲ್ಲ ಎಂದು ಕತ್ತರಿ ತೆಗೆದಳು.

ಅತ್ತೆ ಅವಳ ಮಣಿಕಟ್ಟನ್ನು ಗಬಕ್ಕನೆ ಹಿಡಿದುಕೊಂಡರು. ನಮ್ಮ ಕಡೆ ಗಂಡಸಿನ ಉಡಿದಾರಕ್ಕೆ ಕತ್ತರಿ ಹಾಕುವುದು ಒಂದೇ ಸಲ, ಉಸಿರು ಹೋದ ಮೇಲೆ. ಹಳೆಯದಾದರೆ ಹೊಸದನ್ನು ಕಟ್ಟಿಕೊಂಡೇ ಹಳೆಯದನ್ನು ತೆಗೆಯುವುದು. ಸಿಸ್ಟರಿಗೂ ಅದು ಗೊತ್ತಿತ್ತು, ಆದರೆ ಅವಳಿಗೆ ಕೆಲಸವಾಗಬೇಕಿತ್ತು. ಗಲಾಟೆ ಕೇಳಿ ಡಾಕ್ಟರಮ್ಮ ಹಸಿರು ಗೌನಿನಲ್ಲೇ ಹೊರಗೆ ಬಂದರು.

"ಕತ್ತರಿ ಬ್ಯಾಡ ಕನವ್ವ," ಎಂದರು ಅತ್ತೆ. ಜಗಳದ ದನಿಯಲ್ಲ, ಬೇಡುವ ದನಿ. "ಒಂದ್ಸಲ ಕತ್ತರಿಸಿವ್ನಿ ನಾನು. ಇನ್ನೊಂದ್ಸಲ ನನ್ನ ಕಣ್ಣೆದ್ರು ಬ್ಯಾಡ."

ಆಮೇಲೆ ಅಲ್ಲೇ, ಆ ಬಾಗಿಲಲ್ಲೇ ಹೇಳಿದರು. ನನ್ನ ಗಂಡನಿಗೆ ಒಬ್ಬ ಅಣ್ಣನಿದ್ದು ಹಾಲು ಕುಡಿಯುವಾಗಲೇ ತೀರಿಕೊಂಡನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೇಗೆಂದು ಯಾರಿಗೂ ಗೊತ್ತಿರಲಿಲ್ಲ.

"ನನ್ನ ಮೊದುಲ್ನೇ ಮಗೀಗೂ ಇಂಗೇ ಗಂಟು ಬತ್ತಿತ್ತು. ನಾಟಿಗೆ ಓಗಿದ್ದೆ. ಬದೀನ ಮರುಕ್ಕೆ ತೊಟ್ಲು ಕಟ್ಟಿದ್ದೆ. ಅಳ್ತಿತ್ತು. ಕೇಳುಸ್ತಿತ್ತು ನಂಗೆ. ಈ ಸಾಲು ಮುಗೀಲಿ, ಈ ಸಾಲು ಮುಗೀಲಿ ಅಂತ ಬಗ್ಗಿದ್ ತಲೆ ಎತ್ನಿಲ್ಲ. ಎತ್ತೋಟ್ಗೆ ಗಂಟು ಕಲ್ಲಾಗಿತ್ತು. ಎಲ್ಡು ದಿನ ಇತ್ತು ಅಷ್ಟೇಯ. ಅವತ್ತು ನಾನು ಅಳಾಕೆ ಬುಡ್ದಿದ್ರೆ..."

ನನ್ನ ಗಂಡ ಗೋಡೆಗೆ ಒರಗಿ ನಿಂತುಬಿಟ್ಟರು. ಸಿಸ್ಟರು ಕತ್ತರಿಯನ್ನು ಜೇಬಿಗೆ ಹಾಕಿಕೊಂಡಳು. ಡಾಕ್ಟರಮ್ಮ ಬೆಂಚಿನ ಮೇಲೆ ಅತ್ತೆಯ ಪಕ್ಕ ಕೂತು, ಅವರ ಸೊಂಟದಲ್ಲಿ ಸಿಕ್ಕಿಸಿದ್ದ ಎಲೆ ಅಡಿಕೆ ಚೀಲವನ್ನು ತೋರಿಸಿ, ಅದನ್ನೊಂದು ಸಲ ಕೊಡಿ ಎಂದು ಕೇಳಿದರು. ಚೀಲದ ಬಾಯಿಯ ದಾರವನ್ನು ಸಡಿಲ ಮಾಡಿ ತಲೆಕೆಳಗಾಗಿ ಹಿಡಿದರು.

"ನೋಡಿ ಅಮ್ಮಾ. ಮಗು ಹೊಟ್ಟೇಲಿರುವಾಗ ಇಲ್ಲೊಂದು ದಾರಿ ಇರುತ್ತೆ. ಹುಟ್ಟೋ ಹೊತ್ತಿಗೆ ಈ ಚೀಲದ ಬಾಯಿ ಬಿಗಿದ ಹಾಗೆ ಮುಚ್ಕೋಬೇಕು. ಕೆಲವು ಮಕ್ಕಳಿಗೆ ಮುಚ್ಕೊಳ್ಳಲ್ಲ. ಬಾಯಿ ತೆರೆದಿದ್ರೆ ಅಲ್ಲಾಡಿಸಿದಾಗ ಒಳಗಿನ ಅಡಿಕೆ ಹೊರಗೆ ಬರುತ್ತೆ." ಚೀಲವನ್ನು ಕೊಡವಿದರು. ಎರಡು ಅಡಿಕೆ ಚೂರು ಅವರ ಗೌನಿನ ಮೇಲೆ ಬಿದ್ದವು. "ಅತ್ರೂ ಬರುತ್ತೆ, ನಕ್ರೂ ಬರುತ್ತೆ, ತಿಣುಕಿದ್ರೂ ಬರುತ್ತೆ. ಅಳು ಈ ಬಾಯಿ ತೆಗೆಯಲ್ಲ. ಬಾಯಿ ಹುಟ್ಟುವಾಗಲೇ ತೆರೆದಿತ್ತು. ನಾನು ಈಗ ಒಳಗೆ ಹೋಗಿ ಮಾಡೋದು ಇದಿಷ್ಟೇ," ಎಂದು ದಾರವನ್ನು ಬಿಗಿದು ಗಂಟು ಹಾಕಿ ಕೊಟ್ಟರು.

"ಅಂಗಾರೆ ಅತ್ತುದ್ರಿಂದ ಅಲ್ವಾ?"

"ಅಲ್ಲ."

"ಅವತ್ತು ನಾನು ಎತ್ಕೊಂಡಿದ್ರೂ...?"

"ಎತ್ಕೊಂಡಿದ್ರೂ ಬರೋದು ಬರ್ತಿತ್ತು. ಆಗ ಇಲ್ಲಿ ನಮ್ಮಂಥೋರು ಇರ್ಲಿಲ್ಲ ಅಷ್ಟೆ. ನಿಮ್ಮ ತಪ್ಪಲ್ಲಮ್ಮಾ."

ಅತ್ತೆ ಮೂರನೇ ಸಲವೂ ಅದನ್ನೇ ಕೇಳಿದರು. ಡಾಕ್ಟರಮ್ಮ ಮೂರನೇ ಸಲವೂ ಅದೇ ತಾಳ್ಮೆಯಿಂದ ಅಲ್ಲ ಎಂದರು. ಆಮೇಲೆ ಸಿಸ್ಟರಿಗೆ, "ಕತ್ತರಿ ಬೇಡ, ಅಮ್ಮ ಬಿಚ್ಚಿ ಕೊಡ್ತಾರೆ. ಕಾಯೋಣ" ಎಂದರು.

ಎಷ್ಟೋ ಸ್ನಾನಗಳ ನೀರು ಕುಡಿದು ಬಿಗಿದು ಕೂತಿದ್ದ ಗಂಟು ಅದು. ನನ್ನ ತಾಳಿಯಲ್ಲಿದ್ದ ಪಿನ್ನು ತೆಗೆದು ಕೊಟ್ಟೆ. ಅತ್ತೆ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಆ ಗಂಟನ್ನು ಕೆದಕತೊಡಗಿದರು. ಡಾಕ್ಟರು, ಅರಿವಳಿಕೆ ಕೊಡುವವರು, ಸಿಸ್ಟರು, ಇಡೀ ಥಿಯೇಟರು ಒಬ್ಬ ಹಳ್ಳಿ ಹೆಂಗಸು ಉಡಿದಾರ ಬಿಚ್ಚುವುದನ್ನು ಕಾಯುತ್ತಾ ನಿಂತಿತ್ತು. ಯಾರೂ ಗಡಿಯಾರ ನೋಡಲಿಲ್ಲ. ಇವತ್ತಿಗೂ ನಾನು ಯಾವುದಾದರೂ ಆಸ್ಪತ್ರೆಗೆ ಹೋದರೆ ಅದನ್ನು ಅಳೆಯುವುದು ಆ ಬೆಳಗಿನಿಂದಲೇ. ಗಂಟು ಬಿಟ್ಟಿತು. ಅತ್ತೆ ದಾರವನ್ನು ತಮ್ಮ ಮಣಿಕಟ್ಟಿಗೆ ಸುತ್ತಿಕೊಂಡು, ಮಗುವನ್ನು ತಾವೇ ಎತ್ತಿ ಡಾಕ್ಟರಮ್ಮನ ಕೈಗೆ ಕೊಟ್ಟರು.

ನಾನು ಹೆದರಿಕೊಂಡಿದ್ದಕ್ಕಿಂತ ಬೇಗ ಬಾಗಿಲು ತೆರೆಯಿತು. ಎಲ್ಲ ಸರಿಯಾಯಿತು, ನಾಳಿದ್ದು ಮನೆಗೆ ಹೋಗಬಹುದು ಎಂದರು. ಮಂಚದ ಮೇಲೆ ತಂದು ಮಲಗಿಸಿದ ಸ್ವಲ್ಪ ಹೊತ್ತಿಗೆ ಮಗ ಕಣ್ಣು ಬಿಟ್ಟ, ತುಟಿ ಸೊಟ್ಟ ಮಾಡಿದ. ನಾನು ಅಭ್ಯಾಸಬಲದಿಂದ ಬ್ಯಾಗಿನಲ್ಲಿ ಬೆಲ್ಲಕ್ಕೆ ಕೈ ಹಾಕಿದೆ. ನನ್ನ ಗಂಡ ಆ ವಾರ್ಡಿನ ನಡುವೆಯೇ ಜೋರಾಗಿ ಅಂಬಾ ಎಂದರು. ಪಕ್ಕದ ಮಂಚದವರು ಬೆಚ್ಚಿ ಎದ್ದು ಕೂತರು.

"ಏ, ಸುಮ್ಕಿರ್ಲಾ!" ಎಂದು ಅತ್ತೆ ನನ್ನ ಗಂಡನ ಮೇಲೆ ಗದರಿ, ನನ್ನ ಕೈಯನ್ನು ಹಿಡಿದುಕೊಂಡರು. "ನೀನೂ ಸುಮ್ಕಿರವ್ವ. ಅಳ್ಲಿ ಬುಡು."

ಅವನು ಅತ್ತ. ಆ ನರ್ಸಿಂಗ್ ಹೋಮಿನ ಹೆಂಚು ಹಾರುವ ಹಾಗೆ ಅತ್ತ. ಅತ್ತೆ ಹೊದಿಕೆಯನ್ನು ಸರಿಸಿ ನೋಡಿದರು. ಸಣ್ಣ ಬ್ಯಾಂಡೇಜು, ಅದರ ಸುತ್ತ ಚಪ್ಪಟೆ ಚರ್ಮ. ಅವನು ಎಷ್ಟು ಕಿರುಚಿದರೂ ಅಲ್ಲಿ ಏನೂ ಎದ್ದು ಬರಲಿಲ್ಲ. ಅವರು ಹೊದಿಕೆ ಮುಚ್ಚಿ, ಉಡಿದಾರ ಸುತ್ತಿದ್ದ ಕೈಯನ್ನು ಅವನ ಎದೆಯ ಮೇಲಿಟ್ಟರು.

"ಅಳು ಕಂದ, ಅಳು. ಒಟ್ಟೆ ತುಂಬ ಅಳು. ಕೇಳುಸ್ಕೊಂಡ್ ಕೂತಿವ್ನಿ."

ಅವರ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೂಡ ಅವರು ತಲೆ ಬಗ್ಗಿಸಲಿಲ್ಲ. ಅವನು ಅತ್ತು ಸಾಕಾಗಿ ನಿದ್ದೆ ಹೋಗುವವರೆಗೂ ಅವನ ಮುಖವನ್ನೇ ನೋಡುತ್ತಾ ಕೂತಿದ್ದರು.